ಬ್ಯಾಂಕಾಕ್‌ನಲ್ಲಿ ಭಾವನ ಕುತ್ತಿಗೆ ನೋವು

ಬ್ಯಾಂಕಾಕ್‌ಗೆ ಹೋಗಿಬಂದವರನ್ನು ಬೆಂಗಳೂರಿನ ಆಫೀಸುಗಳಲ್ಲೂ ಮದುವೆಮನೆಗಳಲ್ಲೂ ಕೇಳುವ ಮೊದಲ ಪ್ರಶ್ನೆ 'ಮಸಾಜ್ ಮಾಡಿಸಿಕೊಂಡಿರಾ?' ಎಂಬುದೆಂದು ಎಲ್ಲರಿಗೂ ಗೊತ್ತು. ಅದನ್ನು ಕೇಳುವಾಗ ಕಣ್ಣು ಮಿಟುಕಿಸುವುದೂ ರೂಢಿಯಾಗಿಬಿಟ್ಟಿದೆ. ಈ ತಮಾಷೆಯ ಫಲವಾಗಿ, ಅಲ್ಲಿ ಮಸಾಜ್ ಮಾಡಿಸಿಕೊಂಡು ನಿಜವಾಗಿಯೂ ಪೆಟ್ಟು ಮಾಡಿಕೊಂಡ ಮನುಷ್ಯ ಆಸ್ಪತ್ರೆಯಲ್ಲಿ ಮಸಾಜ್‌ನ ವಿಷಯವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೇಳುತ್ತಾನೆ. ನನ್ನ ಭಾವ, ಅಂದರೆ ಅಕ್ಕನ ಯಜಮಾನರು, ಬ್ಯಾಂಕಾಕ್‌ನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್‌ನ ಮೊದಲ ಪ್ರಶ್ನೆಗೆ ಕೊಟ್ಟ ಉತ್ತರ, 'ಹೋಟೆಲಿನ ದಿಂಬು ಸರಿಯಿರಲಿಲ್ಲ' ಎಂಬುದಾಗಿತ್ತು.

ಭಾವ ಬ್ಯಾಂಕಿನಿಂದ ನಿವೃತ್ತರಾದ, ಯಾವ ದುಶ್ಚಟವೂ ಇಲ್ಲದ, ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವ ಸಾಧು ಮನುಷ್ಯ. ಹಿಂದಿನ ಸಂಜೆ ಅವರು ಹೋಗಿದ್ದು ಹೋಟೆಲಿನ ಪಕ್ಕದ ಬೀದಿಯ, ಪರವಾನಗಿಯನ್ನು ಗೋಡೆಗೆ ತೂಗುಹಾಕಿದ್ದ, ಕುಟುಂಬಗಳು ಸಾಲಾಗಿ ಕುಳಿತು ಕಾಲು ಒತ್ತಿಸಿಕೊಳ್ಳುತ್ತಿದ್ದ ಸಾಮಾನ್ಯ ಅಂಗಡಿಗೆ. ಸಾಂಪ್ರದಾಯಿಕ ಥಾಯ್ ಮಸಾಜ್‌ನಲ್ಲಿ ಎಣ್ಣೆಯಿಲ್ಲ. ಸಡಿಲ ಬಟ್ಟೆ ತೊಡಿಸಿ, ನೆಲದ ಹಾಸಿಗೆಯ ಮೇಲೆ ಮಲಗಿಸಿ, ಹೆಬ್ಬೆರಳು, ಮೊಣಕೈ, ಮೊಣಕಾಲುಗಳಿಂದ ಒತ್ತುತ್ತಾರೆ, ಕೈಕಾಲುಗಳನ್ನು ಎಳೆದು ಹಿಗ್ಗಿಸುತ್ತಾರೆ. ಅದನ್ನು ಯುನೆಸ್ಕೋ 2019ರಲ್ಲಿ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ವಾಟ್ ಫೋ ದೇವಾಲಯದ ಆವರಣದಲ್ಲಿ ಇಂದಿಗೂ ಅದನ್ನು ಕಲಿಸುವ ಶಾಲೆಯಿದೆ. ಕೊನೆಯಲ್ಲಿ ಭಾವನನ್ನು ಎಬ್ಬಿಸಿ ಕೂರಿಸಿ, ಒಂದು ಕೈಯನ್ನು ಗದ್ದಕ್ಕೂ ಇನ್ನೊಂದನ್ನು ತಲೆಯ ಹಿಂಬದಿಗೂ ಇಟ್ಟು, ಹೇಳದೆ ಕೇಳದೆ ಎರಡೂ ಪಕ್ಕಕ್ಕೆ ಒಮ್ಮೊಮ್ಮೆ ತಟ್ಟನೆ ತಿರುಗಿಸಿದರಂತೆ. ಲಟ್ಟೆಂದು ಸದ್ದಾಯಿತು, ಹಾಯೆನಿಸಿತು, ದುಡ್ಡು ಕೊಟ್ಟು ಬಂದರು.

ಮರುದಿನ ಬೆಳಗ್ಗೆ ಎಡಕಿವಿಯ ಕೆಳಗಿನಿಂದ ಕೆನ್ನೆ, ಹುಬ್ಬಿನವರೆಗೆ ಹರಡಿದ ನೋವು. ಪ್ಯಾರಾಸಿಟಮಾಲ್ ನುಂಗಿ, ಮುಲಾಮು ಹಚ್ಚಿಕೊಂಡು, ಟವೆಲ್ ಸುತ್ತಿಕೊಂಡು ಅವರು ತಿಂಡಿಗೆ ಬಂದು ಕುಳಿತಾಗ ಅಕ್ಕ ಕನ್ನಡಕ ಒರೆಸಿಕೊಡುತ್ತಾ ಅವರ ಮುಖವನ್ನೇ ದಿಟ್ಟಿಸಿ ನೋಡಿದಳು. ಎಡಗಣ್ಣಿನ ರೆಪ್ಪೆ ತುಸು ಇಳಿದಿತ್ತು. ನಿದ್ದೆಗೆಟ್ಟಿರಬೇಕೆಂದು ನಾವು ಹೇಳುತ್ತಿರುವಾಗಲೇ ಅವಳು ಮೊಬೈಲಿನಲ್ಲಿ ಹಿಂದಿನ ಮಧ್ಯಾಹ್ನ ವಾಟ್ ಅರುಣ್ ದೇವಾಲಯದ ಎದುರು ತೆಗೆದ ಫೋಟೋವನ್ನು ಹಿಗ್ಗಿಸಿ, ಅವರ ಮುಖದ ಪಕ್ಕಕ್ಕೆ ಹಿಡಿದಳು. ಫೋಟೋದಲ್ಲಿ ಎರಡು ಕಣ್ಣೂ ಸಮವಾಗಿದ್ದವು. ಈಗ ರೆಪ್ಪೆ ಮಾತ್ರವಲ್ಲ, ಎಡಗಣ್ಣಿನ ಪಾಪೆಯೂ ಬಲಗಣ್ಣಿನದಕ್ಕಿಂತ ಚಿಕ್ಕದಾಗಿತ್ತು. ಬೆಂಗಳೂರಿನ ಗಡಿಯಾರ ಅಲ್ಲಿಗಿಂತ ಒಂದೂವರೆ ಗಂಟೆ ಹಿಂದೆ. ನಮಗೆ ಪರಿಚಯದ ವೈದ್ಯರೊಬ್ಬರು ಲಾಲ್‌ಬಾಗ್‌ನಲ್ಲಿ ನಡೆಯುತ್ತಿದ್ದವರು ವೀಡಿಯೊ ಕರೆಯಲ್ಲಿ ಕಣ್ಣನ್ನು ನೋಡಿದೊಡನೆ, ಕ್ಲಿನಿಕ್ಕಿಗೆ ಹೋಗಬೇಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಈಗಲೇ ಹೋಗಿ ಎಂದರು. ಅದೇ ಹೊತ್ತಿಗೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಬಿಸಿನೀರಿನ ಶಾಖ ಕೊಡಲು, ಇನ್ನೊಬ್ಬರು ಊರಿಗೆ ಬಂದ ಮೇಲೆ ಪುತ್ತೂರು ಕಟ್ಟು ಹಾಕಿಸಲು ಸಲಹೆ ಕೊಟ್ಟಿದ್ದರು.

ಥಾಯ್ಲೆಂಡ್‌ನಲ್ಲಿ ವೈದ್ಯಕೀಯ ತುರ್ತು ಸೇವೆಯ ಸಂಖ್ಯೆ 1669. ಇಂಗ್ಲಿಷ್ ಮಾತನಾಡುವ ಪ್ರವಾಸಿ ಪೊಲೀಸರದು 1155. ಆಸ್ಪತ್ರೆ ಹತ್ತಿರವಿದ್ದುದರಿಂದ ನಾವು ಟ್ಯಾಕ್ಸಿಯಲ್ಲೇ ಹೋದೆವು. ಸುಖುಮ್ವಿತ್ ರಸ್ತೆಯ ವಾಹನದಟ್ಟಣೆ ನಮ್ಮ ಸಿಲ್ಕ್ ಬೋರ್ಡಿಗೆ ಯಾವುದರಲ್ಲೂ ಕಡಿಮೆಯಲ್ಲ ಎಂಬುದು ಆಗ ತಿಳಿಯಿತು. ಅಲ್ಲಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ವಿದೇಶಿ ರೋಗಿಗಳಿಗೆಂದೇ ಪ್ರತ್ಯೇಕ ಕೌಂಟರ್, ದುಭಾಷಿಗಳು, ವಿಮಾ ಕಂಪನಿಯೊಡನೆ ಮಾತನಾಡುವ ಸಿಬ್ಬಂದಿ ಇರುತ್ತಾರೆ. ಪಾಸ್‌ಪೋರ್ಟ್ ಕೇಳುತ್ತಾರೆ, ಮುಂಗಡ ಠೇವಣಿ ಅಥವಾ ವಿಮಾ ಕಂಪನಿಯ ಖಾತರಿ ಪತ್ರ ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳು ಅಗ್ಗ, ಅಲ್ಲಿನ ವೈದ್ಯರು ನುರಿತವರು, ಆದರೆ ಸಾಲು ಉದ್ದ.

ದಿಂಬಿನ ಕಥೆಯನ್ನು ಅಕ್ಕ ಪೂರ್ತಿಯಾಗಲು ಬಿಡಲಿಲ್ಲ. ನಿನ್ನೆ ಸಂಜೆ ಮಸಾಜ್ ಮಾಡಿಸಿಕೊಂಡರು, ಕೊನೆಯಲ್ಲಿ ಕುತ್ತಿಗೆಯನ್ನು ತಿರುಗಿಸಿದರು, ಬೆಳಗ್ಗೆಯಿಂದ ಕಣ್ಣು ಹೀಗಿದೆ ಎಂದು ನೇರವಾಗಿ ಹೇಳಿ ಫೋಟೋ ತೋರಿಸಿದಳು. ಭಾವ ತಲೆ ತಗ್ಗಿಸಿದರು, ಆದರೆ ನರ್ಸ್ ಮುಖದಲ್ಲಿ ಅಂಥದ್ದೇನೂ ಕಾಣಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲೇ ಸಾಂಪ್ರದಾಯಿಕ ಚಿಕಿತ್ಸೆಯ ವಿಭಾಗಗಳಿದ್ದು ಅಲ್ಲಿಯೂ ಮೈ ಒತ್ತುವ ದೇಶದಲ್ಲಿ ಮಸಾಜ್ ಎಂಬುದು ನಾಚಿಕೊಳ್ಳುವ ಸಂಗತಿಯೇ ಅಲ್ಲ. ನಾಚಿಕೆಯನ್ನು ನಾವೇ ಬೆಂಗಳೂರಿನಿಂದ ಹೊತ್ತುಕೊಂಡು ಹೋಗಿದ್ದೆವು. ಆಕೆ ಶಾಂತವಾಗಿ ಕೇಳಿದ್ದಿಷ್ಟು: ಎಷ್ಟು ಗಂಟೆಗೆ, ಯಾವ ಪಕ್ಕಕ್ಕೆ, ಸದ್ದು ಬಂತೇ, ಆಮೇಲೆ ತಲೆ ಸುತ್ತಿತೇ, ಮಾತು ತೊದಲಿತೇ, ಕೈಕಾಲಿನಲ್ಲಿ ಬಲ ಕುಂದಿತೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರೇ. ಮೂರು ಬೆರಳಿನಷ್ಟು ಅಗಲದ ಹಳದಿ ಪಟ್ಟಿಯೊಂದನ್ನು ಭಾವನ ಮಣಿಕಟ್ಟಿಗೆ ಸುತ್ತಿದರು. ದಿಂಬಿನ ನೋವೆಂದು ಬರೆದುಕೊಂಡಿದ್ದರೆ ಮೂಳೆ ವೈದ್ಯರ ಸಾಲಿನಲ್ಲಿ ಕೂರಿಸುತ್ತಿದ್ದರು. ಈಗ ಅವರನ್ನು ತಳ್ಳುಕುರ್ಚಿಯಲ್ಲಿ ನೇರವಾಗಿ, ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಂನ ಕೊಠಡಿಗೆ ಕರೆದೊಯ್ದರು.

ಮಿದುಳಿಗೆ ರಕ್ತ ಒಯ್ಯುವ ಎಡಭಾಗದ ಕ್ಯಾರೊಟಿಡ್ ಅಪಧಮನಿಯ ಒಳಪದರ ಸಣ್ಣದಾಗಿ ಹರಿದಿತ್ತು. ಕುತ್ತಿಗೆಯ ಮುಂಭಾಗದಲ್ಲಿ ಎರಡು ಕ್ಯಾರೊಟಿಡ್‌ಗಳು, ಹಿಂಭಾಗದಲ್ಲಿ ಕಶೇರುಮಣಿಗಳ ರಂಧ್ರಗಳ ಮೂಲಕ ಹಾದುಹೋಗುವ ಎರಡು ವರ್ಟಿಬ್ರಲ್ ಅಪಧಮನಿಗಳು. ಈ ನಾಲ್ಕರಲ್ಲಿ ಯಾವುದರ ಒಳಪದರ ಹರಿದರೂ ರಕ್ತವು ನಾಳದ ಗೋಡೆಯ ಪದರಗಳ ನಡುವೆ ನುಗ್ಗಿ ಗೋಡೆ ಊದಿಕೊಳ್ಳುತ್ತದೆ, ನಾಳ ಕಿರಿದಾಗುತ್ತದೆ, ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರೊಂದು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಕಣ್ಣಿನ ರೆಪ್ಪೆಯನ್ನು ಎತ್ತುವ, ಪಾಪೆಯನ್ನು ಹಿಗ್ಗಿಸುವ ಸೂಕ್ಷ್ಮ ನರತಂತುಗಳು ಕ್ಯಾರೊಟಿಡ್‌ನ ಹೊರಮೈಯನ್ನೇ ಸುತ್ತಿಕೊಂಡು ಮೇಲೇರುತ್ತವೆಯಾದ್ದರಿಂದ, ಗೋಡೆ ಊದಿದಾಗ ಅವುಗಳಿಗೆ ಪೆಟ್ಟಾಗಿ ಕಣ್ಣಿನಲ್ಲಿ ಆ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಇದು ಅಪರೂಪದ ಕಾಯಿಲೆ, ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಮೂವರಿಗೆ ಬರುವಂಥದ್ದು. ಆದರೆ ಐವತ್ತು ವರ್ಷದೊಳಗಿನವರಿಗೆ ಬರುವ ಪಾರ್ಶ್ವವಾಯುವಿಗೆ ಮುಖ್ಯ ಕಾರಣಗಳಲ್ಲೊಂದು. ಹರಿದ ಕೂಡಲೇ ಅನಾಹುತವಾಗಬೇಕೆಂದೇನಿಲ್ಲ. ಗಂಟೆಗಳು, ಕೆಲವೊಮ್ಮೆ ದಿನಗಳು ಕಳೆದ ಮೇಲೆ ಆಗಬಹುದು; ಬೇಗ ಹೋದವರಿಗೆ ಸಿಗುವ ಅವಕಾಶವೇ ಅದು.

ಇದೆಲ್ಲ ಬ್ಯಾಂಕಾಕ್‌ಗೆ ಮಾತ್ರ ಮೀಸಲಾದ ಅಪಾಯವಲ್ಲ. 2024ರಲ್ಲಿ ಬಳ್ಳಾರಿಯ ಮೂವತ್ತು ವರ್ಷದ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುಗಿಸಿದ ನಂತರ ಮಾತು ತೊದಲಿ, ದೇಹದ ಎಡಭಾಗದ ಬಲ ಕುಂದಿ, ಕ್ಯಾರೊಟಿಡ್ ಹರಿದದ್ದು ಪತ್ತೆಯಾದ ಸುದ್ದಿ ನಮ್ಮ ಪತ್ರಿಕೆಗಳಲ್ಲೇ ಬಂದಿತ್ತು. ಕಟಿಂಗ್ ಮುಗಿದ ಮೇಲೆ ಪುಕ್ಕಟೆಯಾಗಿ ಸಿಗುವ ಕುತ್ತಿಗೆಯ ಲಟಿಕೆಯನ್ನು ನಮ್ಮ ಕಡೆಯ ಗಂಡಸರು ಹಕ್ಕಿನಂತೆ ಕೇಳಿ ಪಡೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ನಿಲ್ಲಿಸುವುದು ಥಾಯ್ ಮಸಾಜ್ ಬಿಡುವುದಕ್ಕಿಂತ ಹೆಚ್ಚು ಜರೂರಾದ ಕೆಲಸ.

ಮಸಾಜ್‌ನ ಮರುದಿನದ ಮೈಕೈ ನೋವು, ಒತ್ತಿದ ಕಡೆ ನೀಲಿಗಟ್ಟುವುದು, ಸ್ನಾಯು ಹಿಡಿದುಕೊಳ್ಳುವುದು ಸಾಮಾನ್ಯ. ವಿಶ್ರಾಂತಿ ಮತ್ತು ಸಾಧಾರಣ ನೋವಿನ ಮಾತ್ರೆಯಿಂದ ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ, ಇದಕ್ಕಾಗಿ ಪರದೇಶದ ತುರ್ತು ವಿಭಾಗದ ಬಿಲ್ ಕಟ್ಟಬೇಕಾಗಿಲ್ಲ. ಕುತ್ತಿಗೆಯ ಒಂದೇ ಪಕ್ಕದಲ್ಲಿ ಹಿಂದೆಂದೂ ಅನುಭವಿಸದ ನೋವು ಅಥವಾ ತಲೆನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ನುಂಗಲು ಕಷ್ಟ, ಮುಖ ವಾಲುವುದು, ನಡಿಗೆಯಲ್ಲಿ ಓಲಾಟ ಇವುಗಳಲ್ಲಿ ಒಂದಿದ್ದರೂ ಕಾಯುವಂತಿಲ್ಲ, ಏಕೆಂದರೆ ಪಾರ್ಶ್ವವಾಯುವಿನ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆನ್ನು ತುಳಿಸಿಕೊಂಡ ಮೇಲೆ ಕಾಲು ಜೋಮು ಹಿಡಿದು ಮೂತ್ರ ಕಟ್ಟಿದರೂ, ಉಸಿರೆಳೆದಾಗ ಪಕ್ಕೆಲುಬು ಚುಚ್ಚಿದರೂ ಹಾಗೆಯೇ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ: ದೀರ್ಘ ವಿಮಾನಯಾನದ ನಂತರ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಒತ್ತಿಸಬಾರದು, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಭಾವನಿಗೆ ಎಂಆರ್‌ಐ ಆಯಿತು, ಮಿದುಳಿಗೆ ಹಾನಿಯಾಗಿರಲಿಲ್ಲ. ಆಸ್ಪಿರಿನ್ ಆರಂಭಿಸಿ, ರಕ್ತದೊತ್ತಡ ಏರದಂತೆ ನೋಡಿಕೊಂಡು, ಕೆಲವು ದಿನ ಒಳರೋಗಿಯಾಗಿ ಇಟ್ಟುಕೊಂಡರು. ಈ ಕಾಯಿಲೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಮೂರರಿಂದ ಆರು ತಿಂಗಳು ಔಷಧ ಕೊಟ್ಟರೆ ಹೆಚ್ಚಿನವರಲ್ಲಿ ನಾಳ ತಾನಾಗಿ ಕೂಡಿಕೊಳ್ಳುತ್ತದೆ.

ಅಲ್ಲಿನ ನರರೋಗ ತಜ್ಞೆಯೊಡನೆ ನಮಗೆ ಒಂದೇ ಒಂದು ವಾದವಾಯಿತು. ಮಸಾಜ್‌ನಿಂದಲೇ ಹೀಗಾಯಿತೆಂದು ಬರೆದುಕೊಡಿ ಎಂದು ನಾವು ಕೇಳಿದೆವು, ಅವರು ಒಪ್ಪಲಿಲ್ಲ. ಕುತ್ತಿಗೆಯನ್ನು ತಿರುಗಿಸುವುದಕ್ಕೂ ನಾಳ ಹರಿಯುವುದಕ್ಕೂ ಸಂಬಂಧ ಕಂಡುಬಂದಿದ್ದರೂ, ಮೊದಲೇ ಸಣ್ಣದಾಗಿ ಹರಿದು ಕುತ್ತಿಗೆ ನೋಯುತ್ತಿರುವವರೇ ಮಸಾಜ್‌ಗೆ ಹೋಗುವುದೂ ಉಂಟು; ಒಬ್ಬ ರೋಗಿಯಲ್ಲಿ ಯಾವುದು ಮೊದಲೆಂದು ಸ್ಕ್ಯಾನ್ ಹೇಳುವುದಿಲ್ಲ ಎಂದರು. ಕೊನೆಗೆ, ಹಿಂದಿನ ಸಂಜೆ ಕುತ್ತಿಗೆಯನ್ನು ತಿರುಗಿಸಿದ ಥಾಯ್ ಮಸಾಜ್‌ನ ನಂತರ ಕಾಣಿಸಿಕೊಂಡ ನೋವು ಎಂದಷ್ಟೇ ಬರೆದರು. ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಆದರೆ ಹಾಗೆ ತೂಕ ಮಾಡಿ ಬರೆಯುವ ವೈದ್ಯರ ಕಾಗದವನ್ನೇ ಊರಿನಲ್ಲಿ ಎಲ್ಲರೂ ನಂಬಿದರು.

ಪ್ರವಾಸ ವಿಮೆಯ ಸಹಾಯವಾಣಿಗೆ ನನ್ನ ಯಜಮಾನರು ಟ್ಯಾಕ್ಸಿಯಿಂದಲೇ ಕರೆ ಮಾಡಿ ಕ್ಲೇಮಿನ ಸಂಖ್ಯೆ ಪಡೆದಿದ್ದರು. ಒಳರೋಗಿಯಾಗಿ ದಾಖಲಾದರೆ ನಗದುರಹಿತ ಸೌಲಭ್ಯ ಸಿಗುತ್ತದೆ, ಹೊರರೋಗಿಯ ಖರ್ಚನ್ನು ಸಾಮಾನ್ಯವಾಗಿ ನಾವೇ ಕಟ್ಟಿ ಆಮೇಲೆ ಕೇಳಬೇಕು. ಎರಡರಲ್ಲೂ ಡಾಲರ್ ಲೆಕ್ಕದ ಒಂದು ಮೊತ್ತವನ್ನು ಸಾಮಾನ್ಯವಾಗಿ ನಾವೇ ಭರಿಸಬೇಕು. ಖಾತರಿ ಪತ್ರ ಬರುವ ಮುನ್ನ ವಿಮಾ ಕಂಪನಿಯಿಂದ ಬಂದ ಪ್ರಶ್ನೆಗಳು ಎರಡು: ಈ ನೋವು ಪ್ರಯಾಣಕ್ಕೆ ಮೊದಲೇ ಇತ್ತೇ, ರೋಗಿ ಮದ್ಯ ಸೇವಿಸಿದ್ದರೇ. ರಕ್ತದೊತ್ತಡವನ್ನು ಪಾಲಿಸಿ ತೆಗೆದುಕೊಳ್ಳುವಾಗಲೇ ಘೋಷಿಸಿದ್ದೆವು. ತುರ್ತು ವಿಭಾಗದ ಮೊದಲ ಪುಟದಲ್ಲೇ ಮಸಾಜ್‌ನ ಸಮಯ, ನೋವು ಶುರುವಾದ ಸಮಯ ಎರಡೂ ದಾಖಲಾಗಿದ್ದವು. ಅಲ್ಲಿ ದಿಂಬು ಎಂದು ಬರೆದಿದ್ದು ಮೂರನೆಯ ಪುಟದಲ್ಲಿ ಮಸಾಜ್ ಎಂದಾಗಿದ್ದರೆ, ನಾವು ಕಥೆ ಕಟ್ಟುತ್ತಿದ್ದೇವೆಂದು ಅನುಮಾನಿಸಲು ಯಾವ ಕಂಪನಿಗಾದರೂ ಅಷ್ಟೇ ಸಾಕಾಗುತ್ತಿತ್ತು.

ಹೊರಡುವಾಗ ಕೇಳಿ ಪಡೆದದ್ದು ಇಂಗ್ಲಿಷ್‌ನಲ್ಲಿ ಬರೆದ ಡಿಸ್ಚಾರ್ಜ್ ವರದಿ, ಪ್ರತಿ ಬಿಲ್ಲಿನ ಮೂಲಪ್ರತಿ, ವಿಮಾನಯಾನಕ್ಕೆ ಅಡ್ಡಿಯಿಲ್ಲವೆಂಬ ಪ್ರಮಾಣಪತ್ರ ಮತ್ತು ಸ್ಕ್ಯಾನ್‌ನ ಸಿಡಿ. ಫಿಲ್ಮ್ ಸಾಲದೇ ಎಂದು ಭಾವ ಕೇಳಿದರು, ಸಾಲದು. ತಿಂಗಳುಗಳ ನಂತರ ಜಯನಗರದಲ್ಲಿ ಮತ್ತೆ ಆಂಜಿಯೋಗ್ರಾಂ ಮಾಡಿಸಿದಾಗ ರೇಡಿಯಾಲಜಿಸ್ಟ್ ಹಳೆಯ ಸಿಡಿಯನ್ನು ಕಂಪ್ಯೂಟರಿಗೆ ಹಾಕಿ, ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಸರಿಸುತ್ತಾ ನಾಳ ಬಹುಪಾಲು ಕೂಡಿಕೊಂಡಿರುವುದನ್ನು ತೋರಿಸಿದರು. ರೆಪ್ಪೆ ಮೇಲೆದ್ದಿದೆ, ಪಾಪೆಗಳ ವ್ಯತ್ಯಾಸ ಮಬ್ಬು ಬೆಳಕಿನಲ್ಲಿ ಈಗಲೂ ತುಸು ಕಾಣುತ್ತದೆ. ಆಸ್ಪಿರಿನ್ ಮುಂದುವರಿದಿದೆ.

ವಿಮೆಯ ಹಣ ಬಂತು. ತಡವಾಗಿದ್ದರೆ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವ ಸಿದ್ಧತೆಯಲ್ಲಿದ್ದೆವು. ಲಿಖಿತ ದೂರಿಗೆ ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ಅಥವಾ ತಿರಸ್ಕರಿಸಿದರೆ ಅಲ್ಲಿ ಶುಲ್ಕವಿಲ್ಲದೆ ಅರ್ಜಿ ಹಾಕಬಹುದು, ವಕೀಲರ ಅಗತ್ಯವಿಲ್ಲ. ಟ್ಯಾಕ್ಸಿಯ ಖರ್ಚನ್ನು ಮಾತ್ರ ಕಂಪನಿ ಕೊಡಲಿಲ್ಲ, ಏಕೆಂದರೆ ಆ ಬೆಳಗ್ಗೆ ಚಾಲಕನಿಂದ ರಸೀದಿ ಕೇಳುವ ವ್ಯವಧಾನ ನಮ್ಮಲ್ಲಿ ಯಾರಿಗೂ ಇರಲಿಲ್ಲ.