ಕೋರ್ಟಲ್ಲಿ ಟ್ರೀಟ್‌ಮೆಂಟ್ ಕೇಳಿ, ಸೆಕ್ಷನ್ 39 ಇದೆ

ಕೋಲಾರದ ಕೋರ್ಟಲ್ಲಿ ವಕೀಲಿಕೆ ಮಾಡೋಳು ನಾನು, ಗಾಂಜಾ ಸೇದಿ ಸಿಕ್ಕಿಬಿದ್ದ ಹುಡುಗರ ಕೇಸು ಬರ್ತಾನೇ ಇರುತ್ತೆ. ಜೊತೆಲಿ ಬರೋ ಅಪ್ಪ ಅಮ್ಮಂದಿರು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು, "ಮೇಡಂ, ಫೈನ್ ಎಷ್ಟಾದ್ರೂ ಆಗ್ಲಿ, ತಪ್ಪಾಯ್ತು ಅಂತ ಒಪ್ಕೊಂಡು ಇವತ್ತೇ ಮುಗಿಸಿಬಿಡಿ." ಅವರ ಸಂಕಟ ಅರ್ಥ ಆಗುತ್ತೆ. ಟೊಮ್ಯಾಟೊ ಮಂಡಿ ಕೆಲಸ ಬಿಟ್ಟು ಬಂದಿರ್ತಾರೆ, ಸಂಜೆ ಹಾಲು ಕರೆಯೋ ಹೊತ್ತಿಗೆ ಊರು ಸೇರ್ಬೇಕು, ಅಕ್ಕಪಕ್ಕದವರಿಗೆ ಗೊತ್ತಾಗ್ಬಾರ್ದು, ಮಗಳಿಗೆ ಗಂಡು ನೋಡ್ತಿರ್ತಾರೆ. ಫೈನ್ ಕಟ್ತಾರೆ, ರಸೀದಿ ಇಸ್ಕೊಂಡು ಹೋಗ್ತಾರೆ. ಆದ್ರೆ ಎದ್ದ ತಕ್ಷಣ ಸೇದ್ಲೇಬೇಕು ಅನ್ನೋ ಸ್ಥಿತಿಲಿ ಬಂದ ಹುಡುಗ ಅದೇ ಸ್ಥಿತಿಲಿ ಮನೆಗೆ ವಾಪಸ್ ಹೋದ, ಮಧ್ಯದಲ್ಲಿ ಒಬ್ಬ ಡಾಕ್ಟ್ರೂ ಅವನನ್ನ ನೋಡ್ಲಿಲ್ಲ. ಮುಂದೆ ಅವನೇ ಇನ್ನೊಂದು ಕೇಸಲ್ಲಿ ಬಂದು ನಿಂತ್ರೆ "ಇವನಿಗೆ ಬುದ್ಧಿನೇ ಬರ್ಲಿಲ್ಲ" ಅಂತಾರೆ ಎಲ್ಲಾ. ಬುದ್ಧಿ ಹೇಳಿದ್ದು ಬಿಟ್ರೆ ನಾವೇನು ಮಾಡಿದ್ವಿ ಅವನಿಗೆ?

1985ರ ಎನ್‌ಡಿಪಿಎಸ್ ಕಾಯ್ದೆ, ಅಂದ್ರೆ ಮಾದಕ ವಸ್ತುಗಳ ಕಾಯ್ದೆ, ಅಂದ್ರೆ ಬರೀ ಜೈಲು ಅಂತ ಜನ ಅಂದ್ಕೊಂಡಿದ್ದಾರೆ. ಗಾಂಜಾ ಸೇದಿದ್ದಕ್ಕೆ ಸೆಕ್ಷನ್ 27ರಲ್ಲಿ 6 ತಿಂಗಳವರೆಗೆ ಜೈಲು ಇಲ್ಲಾ 10,000 ರೂಪಾಯಿವರೆಗೆ ಫೈನು, ಎರಡೂ ಹಾಕ್ಬೋದು. ಆದ್ರೆ ಅದೇ ಕಾಯ್ದೆಲಿ ಸೆಕ್ಷನ್ 39 ಅಂತ ಒಂದಿದೆ. ಚಟಕ್ಕೆ ಬಿದ್ದೋನು ಸೇವನೆ ಕೇಸಲ್ಲೋ ಸಣ್ಣ ಪ್ರಮಾಣದ ಕೇಸಲ್ಲೋ ತಪ್ಪಿತಸ್ಥ ಅಂತ ಆದ್ರೆ, ಗಾಂಜಾಗೆ ಸಣ್ಣ ಪ್ರಮಾಣ ಅಂದ್ರೆ 1 ಕೆಜಿವರೆಗೆ, ಕೋರ್ಟು ತಕ್ಷಣ ಜೈಲು ಶಿಕ್ಷೆ ಕೊಡ್ದೇನೆ ಅವನ ವಯಸ್ಸು, ಆರೋಗ್ಯ, ಹಿನ್ನೆಲೆ ಎಲ್ಲಾ ನೋಡಿ, ಅವನು ಒಪ್ಪಿದ್ರೆ, ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿರೋ ಆಸ್ಪತ್ರೆಲಿ ಚಿಕಿತ್ಸೆ ತಗೋ ಅಂತ ಬಾಂಡ್ (ಮುಚ್ಚಳಿಕೆ) ಬರೆಸ್ಕೊಂಡು ಬಿಡ್ಬೋದು. ಒಂದು ವರ್ಷದೊಳಗೆ ಚಿಕಿತ್ಸೆ ಏನಾಯ್ತು ಅಂತ ರಿಪೋರ್ಟ್ ತಂದುಕೊಡ್ಬೇಕು. ಅದು ಸರಿ ಇದ್ರೆ ಎಚ್ಚರಿಕೆ ಕೊಟ್ಟು, 3 ವರ್ಷ ಮೀರದ ಇನ್ನೊಂದು ಬಾಂಡ್ ಮೇಲೆ ಬಿಡೋಕೂ ಅವಕಾಶ ಇದೆ. ಇನ್ನು 64ಎ ಪ್ರಕಾರ, ಇಂಥದೇ ಸಣ್ಣ ಕೇಸಲ್ಲಿ ಆರೋಪ ಇರೋ ವ್ಯಸನಿ ತಾನಾಗೇ ಮುಂದೆ ಬಂದು ಚಿಕಿತ್ಸೆ ತಗೊಂಡ್ರೆ ಪ್ರಾಸಿಕ್ಯೂಷನ್‌ನಿಂದಾನೇ, ಅಂದ್ರೆ ಕೇಸು ನಡೆಸೋದ್ರಿಂದಾನೇ, ರಕ್ಷಣೆ ಇದೆ, ಆದ್ರೆ ಅರ್ಧಕ್ಕೆ ಬಿಟ್ರೆ ಆ ರಕ್ಷಣೆ ವಾಪಸ್ ಹೋಗ್ಬೋದು.

"ಎನ್‌ಡಿಪಿಎಸ್‌ನಲ್ಲಿ ಪ್ರೊಬೇಷನ್ ಇಲ್ಲ" ಅಂತ ಕೋರ್ಟ್ ಆವರಣದಲ್ಲಿ ಆರಾಮಾಗಿ ಹೇಳ್ಬಿಡ್ತಾರೆ. ಪ್ರೊಬೇಷನ್ ಅಂದ್ರೆ ಜೈಲಿಗೆ ಕಳಿಸ್ದೇನೆ ಒಳ್ಳೆ ನಡತೆಯ ಷರತ್ತಿನ ಮೇಲೆ ಬಿಡೋದು. ಅದು ಇಲ್ಲ ಅನ್ನೋದು ಅರ್ಧ ಸತ್ಯ. 18 ದಾಟಿದವರಿಗೆ 1958ರ ಪ್ರೊಬೇಷನ್ ಕಾಯ್ದೆ ಅನ್ವಯ ಆಗಲ್ಲ ಅಂತ ಸೆಕ್ಷನ್ 33 ಹೇಳುತ್ತೆ ನಿಜ, ಆದ್ರೆ ಸೆಕ್ಷನ್ 27ರ ಕೇಸಿಗೆ ವಿನಾಯ್ತಿ ಕೊಟ್ಟಿದೆ. ಒಟ್ನಲ್ಲಿ ನಾವು ವಕೀಲರು ಅರ್ಜಿ ಹಾಕಿ ಕೇಳ್ಬೇಕು, ನೂರಾರು ಕೇಸಿನ ಮಧ್ಯೆ ಕೋರ್ಟಿಗೆ ತಾನಾಗೇ ಹೊಳೀಲಿ ಅಂತ ಕಾಯೋ ವಿಷ್ಯ ಅಲ್ಲ ಇದು.

ಟ್ರೀಟ್‌ಮೆಂಟ್ ಕೊಟ್ರೆ ಮತ್ತೆ ತಪ್ಪು ಮಾಡೋದು ನಿಂತೋಗುತ್ತಾ ಅಂತ ಕೇಳ್ತಾರೆ. ಪೂರ್ತಿ ನಿಲ್ಲಲ್ಲ, ಕಮ್ಮಿ ಆಗುತ್ತೆ. ಅಮೆರಿಕದ ಮಯಾಮಿಲಿ 1989ರಲ್ಲಿ ಡ್ರಗ್ ಕೋರ್ಟ್ ಶುರುವಾಯ್ತು, ಜಡ್ಜೇ ಕೂತು ಚಿಕಿತ್ಸೆ ಹೆಂಗೆ ನಡೀತಿದೆ ಅಂತ ಮತ್ತೆ ಮತ್ತೆ ವಿಚಾರಿಸೋ ಪದ್ಧತಿ ಅದು. ಇಂಥ ಕೋರ್ಟುಗಳ ಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ 2012ರಲ್ಲಿ ಲೆಕ್ಕ ಹಾಕ್ದಾಗ, ಮಾಮೂಲಿ ದಾರಿಲಿ ನೂರಕ್ಕೆ 50 ಜನ ಮತ್ತೆ ಅಪರಾಧಕ್ಕೆ ಬೀಳ್ತಾರೆ ಅಂದ್ಕೊಂಡ್ರೆ ಇಲ್ಲಿ 38ರಷ್ಟು ಅಂತ ಬಂತು. ಆ 12 ಜನ ಯಾರದೋ ಮನೆ ಮಕ್ಕಳು, ನಂಗೆ ಇದು ಸಣ್ಣ ವ್ಯತ್ಯಾಸ ಅನ್ಸಲ್ಲ.

ಜೈಲಿಗೆ ಹಾಕಿದ್ರೆ ತಾನಾಗೇ ಬಿಡ್ತಾನೆ ಅನ್ನೋರಿಗೆ ಇನ್ನೊಂದು ಹೇಳ್ಬೇಕು. ಹೆರಾಯಿನ್ ತಗೊಳೋರು ಒಳಗಿದ್ದು ಬಿಟ್ಟಿರ್ತಾರೆ, ದೇಹಕ್ಕೆ ತಡ್ಕೊಳೋ ಶಕ್ತಿ ಇಳಿದಿರುತ್ತೆ, ಹೊರಗೆ ಬಂದು ಹಳೇ ಅಳತೆಲೇ ತಗೊಂಡ್ರೆ ಉಸಿರೇ ನಿಂತೋಗ್ಬೋದು. ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆ ಆದವರ ಬಗ್ಗೆ 2007ರಲ್ಲಿ ಬಂದ ಅಧ್ಯಯನದಲ್ಲಿ, ಮೊದಲ ಎರಡು ವಾರ ಸಾವಿನ ಅಪಾಯ ಬೇರೆ ಜನರಿಗಿಂತ 12.7 ಪಟ್ಟು ಇತ್ತು, ಅದರಲ್ಲಿ ಓವರ್‌ಡೋಸೇ ಮುಖ್ಯ ಕಾರಣ. ಇಂಥವರಿಗೆ ಬುಪ್ರೆನಾರ್ಫಿನ್ ಥರದ ಔಷಧಿ ಇದೆ, ಡಾಕ್ಟ್ರ ನಿಗಾದಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆನೂ ಕೊಡ್ತಾರೆ. ಗಾಂಜಾಗೆ ಅಂಥ ಮಾತ್ರೆ ಇಲ್ಲ. ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬರಲ್ಲ, ಊಟ ಸೇರಲ್ಲ, ಸುಮ್ಸುಮ್ನೆ ರೇಗ್ತಾರೆ, ಅದನ್ನ ದಾಟಿಸಿ ಆಮೇಲೆ ತಿಂಗಳುಗಟ್ಟಲೆ ಕೌನ್ಸೆಲಿಂಗ್ ಆಗ್ಬೇಕು. ಹತ್ತು ದಿನ ಅಡ್ಮಿಟ್ ಮಾಡಿಸಿ "ಆಯ್ತು ಕ್ಯೂರ್" ಅಂದ್ಕೊಂಡ್ರೆ ಚಿಕಿತ್ಸೆ ಇನ್ನೂ ಶುರುವೇ ಆಗಿರಲ್ಲ.

ನಂಗೆ ತುಂಬಾ ಕಾಡೋದು ಬಾಂಡ್ ವಿಷ್ಯ. ಈ ಅವಧಿಲಿ ಕಾಯ್ದೆಯ 4ನೇ ಅಧ್ಯಾಯದ ಯಾವ ಅಪರಾಧಾನೂ ಮಾಡ್ಬಾರ್ದು ಅಂತ ಷರತ್ತು, ಸೇವನೆ ಮಾಡೋದೂ ಅದೇ ಅಧ್ಯಾಯದಲ್ಲಿದೆ. ಅಂದ್ರೆ ಚಿಕಿತ್ಸೆ ಮಧ್ಯೆ ಒಂದು ದಿನ ಜಾರಿ ಸೇದಿದ್ರೂ ಬಾಂಡ್ ಮುರಿದ ಹಾಗೆ ಅಂತ ವಾದ ಮಾಡ್ಬೋದು. ಜಾರೋದು ಈ ಕಾಯಿಲೆಲಿ ಮಾಮೂಲಿ ಅಂತ ಯಾವ ಮನೋವೈದ್ಯರನ್ನ ಕೇಳಿದ್ರೂ ಹೇಳ್ತಾರೆ. ಒಂದ್ಸಲ ಸೇದಿ ಮಾರನೇ ದಿನ ತಾನೇ ಡಾಕ್ಟ್ರ ಹತ್ರ ಹೋಗಿ ಹೇಳ್ಕೊಂಡ ಹುಡುಗನೂ, ಚಿಕಿತ್ಸೆನೇ ಬಿಟ್ಟು ಮಾರಾಟಕ್ಕಿಳಿದೋನೂ ಒಂದೇ ಅಲ್ಲ. ಅದಕ್ಕೇ ರಿಪೋರ್ಟಲ್ಲಿ ಇಷ್ಟು ಸಲ ಬಂದ, ಮಧ್ಯೆ ಜಾರಿದ, ವಾಪಸ್ ಬಂದ, ಈಗ ಹೀಗಿದಾನೆ ಅಂತ ವಿವರವಾಗಿ ಬರೆದುಕೊಡಿ ಅಂತ ಡಾಕ್ಟ್ರನ್ನ ಕೇಳ್ಕೋಬೇಕು.

ಎಲ್ಲಿಗೆ ಹೋಗೋದು ಅಂದ್ರೆ, ಜಿಲ್ಲಾಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಿ, ತೀರಾ ಕಷ್ಟದ ಕೇಸಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಫೋನಲ್ಲಿ ಮೊದಲು ಮಾತಾಡ್ಬೇಕು ಅಂದ್ರೆ ಕೇಂದ್ರ ಸರ್ಕಾರದ ಸಹಾಯವಾಣಿ 14446 ಇದೆ, ದುಡ್ಡು ಇಲ್ಲ. ಕೂಡಿಹಾಕಿ ಹೊಡೆದು ಬಿಡಿಸ್ತೀವಿ ಅನ್ನೋ ಕಡೆ ಮಾತ್ರ ಮಗನನ್ನ ಬಿಟ್ಟು ಬರ್ಬೇಡಿ, ದಯವಿಟ್ಟು. ಮಾನ್ಯತೆ ಇಲ್ಲದ ಜಾಗದ ಕಾಗದ ಸೆಕ್ಷನ್ 39ಕ್ಕೆ ನಡೆಯೋದೂ ಇಲ್ಲ.

ಆಮೇಲೆ ಪ್ರತಿ ಸಲದ ಓಪಿಡಿ ಚೀಟಿ ಒಂದು ಕವರಲ್ಲಿ ಜೋಪಾನವಾಗಿ ಇಟ್ಕೊಳ್ಳಿ, ಔಷಧಿ ಬಿಲ್ಲೂ ಸೇರಿಸಿ. ವಾಯ್ದೆ ದಿನ ಬೆಳಗ್ಗೆ ಕೋರ್ಟ್ ಶುರುವಾಗೋಕೆ ಮುಂಚೆನೇ ಅದನ್ನ ನಿಮ್ಮ ವಕೀಲರ ಕೈಗೆ ಕೊಡಿ, ನಿಮ್ಮ ಮಗ ಬಿಡೋಕೆ ಪ್ರಯತ್ನ ಪಡ್ತಿದಾನೆ ಅಂತ ಜಡ್ಜ್ ಮುಂದೆ ತೋರ್ಸೋಕೆ ನಮ್ ಹತ್ರ ಇರೋದು ಆ ಚೀಟಿಗಳೇ.