ಚೋಮ ಎತ್ತು ಮಾರಬೇಕಿತ್ತಂತೆ

ಹೋದ ಸೆಮಿಸ್ಟರ್‌ದು ಇದು, ಇನ್ನೂ ಚುರ್ ಅನ್ನುತ್ತೆ. ಬಿಕಾಂ ಮಕ್ಕಳಿಗೆ ಕಾರಂತರ ಚೋಮನ ದುಡಿ ಕಾದಂಬರಿ ಇತ್ತು, ಸ್ವಂತ ಬೇಸಾಯ ಮಾಡೋ ಆಸೆ ಇಟ್ಕೊಂಡು ಸೋಲೋ ಚೋಮನ ಕತೆ. ಇಂಟರ್ನಲ್ಸ್‌ಗೆ ಅದೇ ಸವಕಲು ಪ್ರಶ್ನೆ ಕೊಟ್ಟಿದ್ದೆ, ಚೋಮನ ದುರಂತಕ್ಕೆ ಕಾರಣಗಳೇನು, 10 ಮಾರ್ಕ್ಸು. ಬಂಡಲ್ ಬಿಚ್ಚಿದ್ರೆ ಅರ್ಧಕ್ಕರ್ಧ ಜನ 'ಕುಡಿತದ ದುಷ್ಪರಿಣಾಮ' ಅಂತ ಬರ್ದಿದಾರೆ. ಒಬ್ಬನಂತೂ ಪಕ್ಕಾ ಕಾಮರ್ಸು, ಚೋಮ ಎತ್ತು ಮಾರಿ ಎಸ್ಟೇಟ್ ಸಾಲ ತೀರಿಸಬೇಕಿತ್ತು, ಅದು ಬಿಟ್ಟು ಮಕ್ಕಳನ್ನ ದುಡಿಯೋಕೆ ಕಳಿಸಿದ್ದು ತಪ್ಪು ನಿರ್ಧಾರ ಅಂತೆ.

ಸ್ಟಾಫ್ ರೂಮಲ್ಲಿ ಓದಿ ಎಲ್ರೂ ನಕ್ವಿ. ಅಷ್ಟಕ್ಕೇ ಬಿಡಬಹುದಿತ್ತು, ಆದ್ರೆ ಮಾರನೇ ದಿನ ಕ್ಲಾಸಲ್ಲೂ ಓದಿದೆ, ಹೆಸರು ಹೇಳ್ಲಿಲ್ಲ, ಆದ್ರೆ ಆ ಹುಡುಗ ತಾನೇ ಎದ್ದು ನಿಂತ. "ಉಳುವವನೇ ಹೊಲದೊಡೆಯ ಅಂತ ಕಾನೂನಿತ್ತಲ್ಲ ಸರ್, ಅರ್ಜಿನಾದ್ರೂ ಹಾಕ್ಬಹುದಿತ್ತು." ನಂಗೆ ಇನ್ನೂ ಹುರುಪು ಬಂತು. "ಅಪ್ಪಾ, ಕಾದಂಬರಿ ಬಂದಿದ್ದು 1933ರಲ್ಲಿ, ನಿನ್ನ ಕಾನೂನು ಬಂದಿದ್ದು 1974ರಲ್ಲಿ, ಚೋಮ ನಲವತ್ತು ವರ್ಷ ಕ್ಯೂ ನಿಲ್ಬೇಕಿತ್ತು." ಕ್ಲಾಸೆಲ್ಲ ಗೊಳ್ಳಂತು.

ನಗು ನಿಂತ ಮೇಲೆ ಹಿಂದಿನ ಬೆಂಚಿಂದ ಪುತ್ತೂರು ಕಡೆಯ ಹುಡುಗಿ, ವರ್ಷವಿಡೀ ಬಾಯಿ ಬಿಟ್ಟವಳಲ್ಲ. "ಕಾನೂನು ಬಂದ್ರೂ ಚೋಮನಿಗೆ ಸಿಗ್ತಿರ್ಲಿಲ್ಲ ಸರ್. ಅವ ಗೇಣಿ ಮಾಡ್ತಿದ್ದವನಲ್ಲ, ಜೀತದವ. ಗೇಣಿ ಇದ್ದವರಿಗೆ ಮಾತ್ರ ಡಿಕ್ಲರೇಶನ್ ಆಗಿ ಜಾಗ ಸಿಕ್ಕಿದ್ದು. ನಮ್ಮಜ್ಜನಿಗೂ ಆಗ್ಲಿಲ್ಲ."

ಬೆಲ್ ಹೊಡಿಯೋಕೆ ಇನ್ನೂ ಹನ್ನೆರಡು ನಿಮಿಷ ಇತ್ತು. "ಹೂಂ, ಅದೂ ಒಂದು ಪಾಯಿಂಟು" ಅಂದೆ, ಅಷ್ಟೇ ಹೊರಟಿದ್ದು ಬಾಯಿಂದ. ಆಮೇಲೆ ಅಟೆಂಡೆನ್ಸ್ ಮತ್ತೊಂದ್ಸಲ ಕೂಗಿದೆ, ಆಗ್ಲೇ ಕೂಗಿದೀರ ಸರ್ ಅಂತ ಯಾರೋ ಅಂದ್ರು.

ಸಂಜೆ ನನ್ನ ನೋಟ್ಸ್ ತೆಗ್ದು ನೋಡ್ತೀನಿ, ಬಡತನ, ಅಜ್ಞಾನ, ಮೂಢನಂಬಿಕೆ, ಕುಡಿತ. ಕುಡಿತ ನಾನೇ ಬರೆಸಿದ್ದು! ಹೊಲೆಯನಾದವನು ಸ್ವಂತ ಬೇಸಾಯ ಮಾಡೋ ಹಾಗೇ ಇರಲಿಲ್ಲ, ಧಣಿ ಸಂಕಪ್ಪಯ್ಯ ಮನಸ್ಸು ಮಾಡಿದ್ರೂ ಅವರ ತಾಯಿ ಸಂಪ್ರದಾಯ ಕೆಡುತ್ತೆ ಅಂತ ಬಿಡಲಿಲ್ಲ, ಇಡೀ ಪುಸ್ತಕ ನಿಂತಿರೋದೇ ಅದರ ಮೇಲೆ, ನಾನು ಅದನ್ನ ಒಂದು ಸಾಲಲ್ಲಿ ದಾಟಿಸಿದ್ದೆ. ಪೋರ್ಷನ್ ಮುಗಿಸ್ಬೇಕಲ್ಲ, ಮೂರೇ ಪೀರಿಯಡ್ಡು, ಉಳಿದಿದ್ದೆಲ್ಲ ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲಿಗೆ ಹೋಯ್ತು. ಉಳೋಕೆ ನೆಲವೇ ಇಲ್ಲದೋನು ಎತ್ತು ಯಾಕೆ ಮಾರಲ್ಲ ಅನ್ನೋದು ಆ ಹುಡುಗನಿಗೆ ಹೊಳೀಬೇಕು ಅಂದ್ರೆ ಹೆಂಗೆ ಹೊಳಿಯುತ್ತೆ.

ಆಮೇಲೆ ಆ ಹುಡುಗಿ ಪೇಪರ್ ಹುಡುಕಿದೆ. 'ಚೋಮನಿಗೆ ಭೂಮಿ ಸಿಗದಿರಲು ಬಡತನ ಕಾರಣವಲ್ಲ' ಅಂತ ಶುರು ಮಾಡಿದಾಳೆ, ನಾನು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು 4 ಕೊಟ್ಟಿದೀನಿ. ಮಾರ್ಕ್ಸ್ ಕೊಡೋ ಸ್ಕೀಮಲ್ಲಿ ಬಡತನಾನೇ ಮೊದಲ ಪಾಯಿಂಟಲ್ವಾ.

ತಿದ್ದೋಣ ಅಂತ ಲಾಗಿನ್ ಆದ್ರೆ ಪೋರ್ಟಲ್ ಲಾಕ್. ಎಚ್‌ಒಡಿ ಹತ್ರ ಹೋದೆ. "ಒಬ್ಬರದ್ದು ತೆಗೆಸಿದ್ರೆ ಇಡೀ ಬ್ಯಾಚ್‌ಗೆ ಲೆಟರ್ ಬರೀಬೇಕು, ಬಿಡಿ ಮಾರಾಯ್ರೆ, ಪಾಸಾಗಿದಾಳಲ್ಲ" ಅಂದ್ರು. ಆರು ಮಾರ್ಕ್ಸಿಗೆ ಲೆಟರ್ ಬರೆದು ಕೊಟ್ಟಿದೀನಿ, ಎರಡು ತಿಂಗಳಾಯ್ತು, ಟೇಬಲ್ ಮೇಲೇ ಇದೆ.