ಎರಡು ಹಳ್ಳ, ಒಂದು ಸುತ್ತು: ಐದನೇ ಸಲ ನಡೆದ ಮೇಲೆ

ಐದನೇ ಸುತ್ತು ಮುಗಿಯಿತು. ಈ ಸಲ ಅಪ್ರದಕ್ಷಿಣೆ. ದಾರಿ ಅದೇ, ಮರಗಳು ಅವೇ, ಸುಮ್ನೆ ದಿಕ್ಕು ತಿರುಗಿಸಿ ನಡೆದೆ ಅಷ್ಟೇ. ಆದರೆ ನಾಲ್ಕು ಸಲ ನಡೆದರೂ ತಲೆಗೆ ಹೊಳೆಯದಿದ್ದ ವಿಷಯ ಇವತ್ತು ಮೊಣಕಾಲಿಗೆ ಹೊಳೆಯಿತು.

ಹೊಸದಾಗಿ ಓದುವವರಿಗೆ: ಕಾಡಿನೊಳಗೆ ಅಕ್ಕಪಕ್ಕ ಎರಡು ಹಳ್ಳ ಹರಿಯುತ್ತವೆ, ನಡುವೆ ಒಂದು ದಿಬ್ಬ. ಒಂದು ಹಳ್ಳದ ದಂಡೆ ಹಿಡಿದು ಹತ್ತಬೇಕು, ದಿಬ್ಬ ದಾಟಬೇಕು, ಇನ್ನೊಂದರ ದಂಡೆಯಲ್ಲಿ ಇಳಿದು ಎರಡೂ ಕೂಡುವ ಜಾಗಕ್ಕೆ, ಅಂದರೆ ಹೊರಟಲ್ಲಿಗೇ ಬರಬೇಕು. ಒಟ್ಟು 6 ಕಿ.ಮೀ. ಇದನ್ನು ಅಮ್ಮನ ಜೊತೆ ಆರಾಮಾಗಿ ನಡೆಯುವ ಹಾಗೆ ಗುರುತು ಮಾಡಿಡುವುದು ನನ್ನ ಕೆಲಸ. ಅಮ್ಮನಿಗೆ ಏರು ಕಷ್ಟವಿಲ್ಲ, ನಿಧಾನಕ್ಕೆ ಹತ್ತುತ್ತಾರೆ. ಇಳಿಯುವಾಗಲೇ ಮೊಣಕಾಲು ತಕರಾರು ತೆಗೆಯುವುದು.

ಇಷ್ಟು ಗೊತ್ತಿದ್ದೂ ನಾಲ್ಕು ಸಲ ಉದ್ದದ ಹಳ್ಳದಲ್ಲಿ ಹತ್ತಿ ಗಿಡ್ಡ ಹಳ್ಳದಲ್ಲಿ ಇಳಿದಿದ್ದೇನೆ! ಉದ್ದದ ಕಡೆ 3.7 ಕಿ.ಮೀ., ಗಿಡ್ಡ ಕಡೆ 2.3 ಕಿ.ಮೀ., ಏರುವ ಎತ್ತರ ಎರಡೂ ಕಡೆ ಒಂದೇ. ಅಂದಮೇಲೆ ಗಿಡ್ಡ ಕಡೆಯೇ ಕಡಿದು ಅಲ್ವಾ. ಅದೂ ಸಾಲದು ಅಂತ ಅಲ್ಲಿ ಬಿಸಿಲು ಬೀಳುವುದಿಲ್ಲ, ತರಗೆಲೆಯ ಅಡಿ ಮಣ್ಣು ಸದಾ ಒದ್ದೆ, ಬೇರುಗಳು ಎಣ್ಣೆ ಹಚ್ಚಿದ ಹಾಗೆ ಜಾರುತ್ತವೆ. ಅದೇ ಬೇರುಗಳ ಮೇಲೆ ಹತ್ತುವಾಗ ಮೆಟ್ಟಿಲಿನ ಹಾಗೆ ಕಾಲಿಟ್ಟು ಹೋದೆ, ಏನೂ ಅನ್ನಿಸಲಿಲ್ಲ. ಹಾಗಾಗಿ ಇನ್ನು ಮುಂದೆ ಕಡಿದಾದ ಕಡೆ ಹತ್ತು, ಹದವಾದ ಕಡೆ ಇಳಿ.

ಇದರಲ್ಲೂ ಒಂದು ತೊಡಕಿದೆ. ಹಳ್ಳ ದಾಟುವ ಮೂರು ಜಾಗಗಳೂ ಉದ್ದದ ಕಡೆಯೇ ಇವೆ, ಸೇತುವೆ ಅಂತ ಏನೂ ಇಲ್ಲ, ಕಲ್ಲಿನಿಂದ ಕಲ್ಲಿಗೆ ಕಾಲಿಡಬೇಕು. ದಿಕ್ಕು ತಿರುಗಿಸಿದರೆ ಇವು ಕೊನೆಗೆ ಬರುತ್ತವೆ. ಐದೂವರೆ ಕಿಲೋಮೀಟರ್ ನಡೆದು ಬಂದ ಮೇಲೆ ನೀರು ಜಾಸ್ತಿ ಅಂತ ವಾಪಸ್ ತಿರುಗುವುದು ಯಾರಿಗೆ ಬೇಕು? ಇದಕ್ಕೆ ಕಂಡುಕೊಂಡ ಉಪಾಯ ಹೀಗಿದೆ. ಕೆಳಗಿನ ದಾಟು ಹೊರಡುವ ಜಾಗದಿಂದ 300 ಮೀಟರ್ ಅಷ್ಟೇ. ಕೆಳಗೆ ಬಂದಷ್ಟೂ ಹಳ್ಳಕ್ಕೆ ನೀರು ಸೇರುತ್ತಾ ಹೋಗುವುದರಿಂದ ಮೂರರಲ್ಲಿ ಅಲ್ಲೇ ನೀರು ಜಾಸ್ತಿ. ಹೊರಡುವ ಮೊದಲು ಅದನ್ನೊಮ್ಮೆ ನೋಡಿ ಬರುವುದು. ಕಲ್ಲುಗಳ ತಲೆ ಒಣಗಿದ್ದರೆ ಹೊರಡುವುದು, ಮುಳುಗಿದ್ದರೆ ಮನೆಗೆ. ನಡುವೆ ಮಳೆ ಬಂದರೆ ಲೆಕ್ಕ ಬೇರೆ. ಇಂಥ ಸಣ್ಣ ಹಳ್ಳ ಏರುವುದೂ ಬೇಗ, ಇಳಿಯುವುದೂ ಬೇಗ. ಆಗ ಹತ್ತಿದ ದಾರಿಯಲ್ಲೇ ವಾಪಸ್, ಬೇರು ಜಾರಿದರೂ ಸರಿ.

ದಾಟುವ ಜಾಗವನ್ನೂ ಬದಲಾಯಿಸಿದೆ. ಮೊದಲು ಕಿರಿದಾದ ಕಡೆ ದಾಟುತ್ತಿದ್ದೆ, ಎರಡೇ ಹೆಜ್ಜೆ ಅಲ್ವಾ ಅಂತ. ಆದರೆ ಅಷ್ಟೂ ನೀರು ಅದೇ ಸಂದಿಯಲ್ಲಿ ನುಗ್ಗಬೇಕು, ಹಾಗಾಗಿ ಅಲ್ಲಿ ಆಳವೂ ಜಾಸ್ತಿ, ಸೆಳೆತವೂ ಜಾಸ್ತಿ. ಸ್ವಲ್ಪ ಮೇಲೆ ಹಳ್ಳ ಅಗಲವಾಗಿ ಹರಡಿ ಬೆಣಚುಕಲ್ಲಿನ ಮೇಲೆ ಸದ್ದು ಮಾಡುತ್ತಾ ಹರಿಯುತ್ತದೆ, ಅಲ್ಲಿ ಎಂಟು ಹೆಜ್ಜೆಯಾದರೂ ನೀರು ಪಾದದ ಮಟ್ಟ. ತಿರುವುಗಳ ಹೊರದಂಡೆಯಿಂದ ದೂರ ಇರಬೇಕು ಅನ್ನುವುದನ್ನು ಎರಡನೇ ಸುತ್ತಿನಲ್ಲೇ ಕಲಿತೆ: ನೀರು ಅಡಿಯಿಂದ ಮಣ್ಣು ಕೊರೆದಿರುತ್ತದೆ, ಮೇಲೆ ಬೇರು ಮತ್ತು ಹುಲ್ಲು ನೆಲದ ಹಾಗೇ ಕಾಣುತ್ತದೆ, ಕಾಲಿಟ್ಟೆ, ಮೊಣಕಾಲವರೆಗೆ ಒಳಗೆ ಹೋಯಿತು.

ಇನ್ನು ಅಳತೆಯ ಕಥೆ. ಮೊದಲ ಸುತ್ತಿನಲ್ಲಿ ಫೋನು 6.9 ಕಿ.ಮೀ. ನಡಿಗೆ, 310 ಮೀಟರ್ ಏರು, 296 ಮೀಟರ್ ಇಳಿತ ಅಂದಿತ್ತು. ಹೊರಟಲ್ಲಿಗೇ ವಾಪಸ್ ಬಂದವನು 14 ಮೀಟರ್ ಎತ್ತರದಲ್ಲಿ ಹೇಗೆ ನಿಂತೆ? ಸುತ್ತುದಾರಿಯ ಒಳ್ಳೆಯ ಗುಣ ಇದೇ, ಏರು ಮತ್ತು ಇಳಿತ ಸಮ ಬರಲೇಬೇಕು, ಬರದಿದ್ದರೆ ಅಳತೆ ತಪ್ಪು. ಕೊಳ್ಳದೊಳಗೆ ಎರಡೂ ಬದಿಯ ಇಳಿಜಾರು ಆಕಾಶವನ್ನು ಮರೆಮಾಡುತ್ತದೆ, ಉಪಗ್ರಹಗಳು ಕಡಿಮೆ ಸಿಗುತ್ತವೆ, ಸಿಕ್ಕ ಸಿಗ್ನಲ್ ಕೂಡ ಬಂಡೆಗೆ, ಮರಕ್ಕೆ ತಾಗಿ ಸುತ್ತಿಕೊಂಡು ಬರುತ್ತದೆ. ನಾನು ಬಂಡೆ ಮೇಲೆ ಕೂತು ನೀರು ನೋಡುತ್ತಿದ್ದರೆ ಫೋನಿನ ಪ್ರಕಾರ ನಾನು ಹಳ್ಳದ ಆಚೆ ಈಚೆ ಓಡಾಡುತ್ತಿದ್ದೆ. ಅಂಥ ಒಂದೊಂದು ನಡುಕವೂ ದೂರಕ್ಕೆ ಸೇರುತ್ತದೆ, ಎತ್ತರಕ್ಕಂತೂ ಇನ್ನೂ ಜಾಸ್ತಿ. ಕೊನೆಗೆ ನಕ್ಷೆ ಹರಡಿಕೊಂಡು ಕೂತು ಕೆಳಗಿನಿಂದ ದಿಬ್ಬದ ತನಕ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ, 10 ಮೀಟರ್ ಎತ್ತರಕ್ಕೊಂದು ಇರುವ ಗೆರೆಗಳನ್ನು, ಬೆರಳಿಟ್ಟು ಎಣಿಸಿದೆ. ಹದಿನೈದು. ಅಂದರೆ 150 ಮೀಟರ್, ಫೋನು ಹೇಳಿದ್ದರ ಅರ್ಧಕ್ಕೂ ಕಡಿಮೆ. ದೂರವನ್ನೂ ನಕ್ಷೆಯ ಮೇಲೆ ದಾರ ಇಟ್ಟು ಅಳೆದೆ.

ಸಮಯಕ್ಕೆ ಹಳೆಯ ಸೂತ್ರವೊಂದಿದೆ, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟಿದ್ದು. ಈಗಿನ ಅಳತೆಯಲ್ಲಿ ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಹಾಗೆ ನೋಡಿದರೆ ಈ ಸುತ್ತಿಗೆ 72 ನಿಮಿಷ, ಏರಿಗೆ 15, ಒಟ್ಟು 87 ನಿಮಿಷ. ನನಗೆ ಹಿಡಿದದ್ದು ಎರಡು ಗಂಟೆ ಹತ್ತು ನಿಮಿಷ! ಅದರಲ್ಲಿ ಇಪ್ಪತ್ತು ನಿಮಿಷ ಕ್ಯಾಡಿಸ್ ಅನ್ನುವ ನೀರಿನ ಹುಳದ ಲೆಕ್ಕಕ್ಕೆ. ಒಂದು ಕಲ್ಲು ಮಗುಚಿದರೆ ಅಡಿಯಲ್ಲಿ ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಲ್ಲಿ ಅಂಟಿಸಿ ಕೊಳವೆ ಕಟ್ಟಿಕೊಂಡು ಒಳಗೆ ಕೂತಿತ್ತು. ಕಲ್ಲನ್ನು ಇದ್ದ ಹಾಗೇ ಇಟ್ಟು ಬಂದೆ. ಇದಕ್ಕೆ ನೈಸ್ಮಿತ್ ಸೂತ್ರದಲ್ಲಿ ಜಾಗವಿಲ್ಲ. ಅಮ್ಮನ ಜೊತೆ ಮೂರು ಗಂಟೆ ಅಂತ ಇಟ್ಟುಕೊಂಡಿದ್ದೇನೆ, ಹೊರಡುವುದು ಬೆಳಿಗ್ಗೆಯೇ, ಯಾಕೆಂದರೆ ಕೊಳ್ಳದಲ್ಲಿ ಸಂಜೆ ಹೊರಗಿಗಿಂತ ಬೇಗ ಕತ್ತಲಾಗುತ್ತದೆ.

ಮನೆಗೆ ಬಂದು ನಕ್ಷೆ, ಏರಿಳಿತದ ಗ್ರಾಫು, ದಾಟುಗಳ ಫೋಟೋ ಎಲ್ಲಾ ಅಮ್ಮನಿಗೆ ತೋರಿಸಿದೆ. ಪೂರ್ತಿ ನೋಡಿದರು. ಆಮೇಲೆ ಕೇಳಿದರು, "ನಡುವೆ ಕೂರೋಕೆ ಎಲ್ಲೆಲ್ಲಿ ಜಾಗ ಇದೆ?"

ಐದು ಸುತ್ತಿನಲ್ಲಿ ಒಂದನ್ನೂ ಬರೆದುಕೊಂಡಿಲ್ಲ. ಮುಂದಿನ ವಾರ ಆರನೇ ಸುತ್ತು.